ಮೊದಲು ಬೆಳಕು ನೋಡಿ, ಫ್ರೇಮ್ ಆಮೇಲೆ

ಫೋಟೊಗ್ರಫಿ ಕ್ಲಾಸಿಗೆ ಸೇರಿದ ಮೊದಲ ವಾರ ನಮಗೆ ಹೇಳಿಕೊಟ್ಟದ್ದು ರೂಲ್ ಆಫ್ ಥರ್ಡ್ಸ್. ಚೌಕಟ್ಟಿಗೆ ಉದ್ದಕ್ಕೆ ಎರಡು ಗೆರೆ, ಅಡ್ಡಕ್ಕೆ ಎರಡು ಗೆರೆ ಎಳೆಯಿರಿ, ಗೆರೆ ಕೂಡುವ ಕಡೆ ಮುಖ್ಯವಾದದ್ದನ್ನು ಇಡಿ ಅಂತ. ಎಲ್ಲರೂ ಕ್ಯಾಮೆರಾದಲ್ಲಿ ಗ್ರಿಡ್ ಆನ್ ಮಾಡಿಕೊಂಡು ಧಾರವಾಡದ ಕೆಲಗೇರಿ ಕೆರೆಗೆ ಹೋದೆವು. ಸಂಜೆ ಫೋಟೊಗಳನ್ನು ಒಟ್ಟಿಗೆ ಹಾಕಿ ನೋಡಿದರೆ ಎಲ್ಲರದ್ದೂ ಒಂದೇ ಥರ. ಮರ ಸರಿಯಾಗಿ ಗೆರೆಯ ಮೇಲೆ ನಿಂತಿತ್ತು, ನೀರು ಕೆಳಗಿನ ಮೂರನೇ ಒಂದು ಭಾಗದಲ್ಲಿತ್ತು, ಮತ್ತೆ ಎಲ್ಲವೂ ಸಪ್ಪೆ. ನಾವು ಹೋಗಿದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಅದನ್ನು ಯಾರೂ ಲೆಕ್ಕಕ್ಕೇ ತಗೊಂಡಿರಲಿಲ್ಲ.

ಆ ಮೇಲೆ ಬಹಳ ದಿನ ಒದ್ದಾಡಿ ನನಗೆ ಅರ್ಥವಾದದ್ದು ಇಷ್ಟು. ನಾವು ಕಲಿಯುವ ಕ್ರಮ ತಿರುವುಮುರುವಾಗಿದೆ. ಕಾಂಪೊಸಿಷನ್, ಅಂದರೆ ಫ್ರೇಮಿನಲ್ಲಿ ಯಾವುದನ್ನು ಎಲ್ಲಿಡಬೇಕು ಅನ್ನೋದು ಮೊದಲು, ಬಣ್ಣ ಆಮೇಲೆ, ಲೈಟಿಂಗ್ ಕೊನೆಯ ಸೆಮಿಸ್ಟರ್‌ಗೆ ಅಂತ ಇಟ್ಟುಕೊಂಡಿದ್ದೇವೆ. ಆದರೆ ಬೆಳಕು ಬೀಳುವ ರೀತಿಯೇ ಬಣ್ಣ ಹೇಗೆ ಕಾಣಬೇಕು ಅನ್ನೋದನ್ನು ತೀರ್ಮಾನಿಸುತ್ತೆ. ಆ ಎರಡೂ ಸೇರಿ ನೋಡುವವರ ಕಣ್ಣು ಫ್ರೇಮಿನಲ್ಲಿ ಎಲ್ಲಿಗೆ ಹೋಗಬೇಕು ಅಂತ ಹೇಳಿಬಿಡುತ್ತವೆ. ಅಷ್ಟಾದ ಮೇಲೆ ಕಾಂಪೊಸಿಷನ್‌ಗೆ ಉಳಿಯುವ ಕೆಲಸ ಕಡಿಮೆ.

ಇದನ್ನು ನನಗೆ ಕಲಿಸಿದ್ದು ನಮ್ಮ ಆಯಿಯ, ಅಂದರೆ ಅಜ್ಜಿಯ, ಅಡುಗೆಮನೆ.

ಅಣ್ಣಿಗೇರಿ ಕಡೆ ನಮ್ಮೂರು. ಹಳೇ ಮಣ್ಣಿನ ಮಾಳಿಗೆ ಮನೆ, ಅಡುಗೆಮನೆಗೆ ಕಿಟಕಿ ಇಲ್ಲ, ಮೇಲೆ ಒಂದು ಬೆಳಕಿಂಡಿ. ಆಯಿ ರೊಟ್ಟಿ ಬಡಿಯೋದನ್ನು ತೆಗೆಯಬೇಕು ಅಂತ ಒಲೆ ಪಕ್ಕದ ಮೂಲೆಯಲ್ಲಿ ಕೂತಿದ್ದೆ. ಫ್ಲ್ಯಾಷ್ ಹಾಕಿದರೆ ಮುಖ ಬೆಳ್ಳಗೆ ಚಪ್ಪಟೆ, ಹಾಕದಿದ್ದರೆ ಬರೀ ಕತ್ತಲು. ಆಯಿ ಹಿಟ್ಟಿನ ಕೈಯಲ್ಲೇ ತೋರಿಸಿ, "ಕತ್ತಲಾಗ ಕುಂತ ಏನ್ ತಗೀತಿಯೋ ತಮ್ಮಾ, ನಾ ಜ್ವಾಳಾ ಹಸನ ಮಾಡೂದು ಬೆಳಕಿಂಡಿ ಬುಡಕ" ಅಂದಳು. ಕಾಳಿನಲ್ಲಿ ಕಲ್ಲು ಆರಿಸೋಕೆ ಯಾವ ಜಾಗದ ಬೆಳಕು ಒಳ್ಳೇದು ಅಂತ ಅವಳಿಗೆ ಐವತ್ತು ವರ್ಷದಿಂದ ಗೊತ್ತು. ಬೆಳಕು ಓರೆಯಾಗಿ ಬಿದ್ದರೆ ಸಣ್ಣ ಹರಳಿಗೂ ಒಂದು ನೆರಳು ಬರುತ್ತೆ, ಆ ನೆರಳಿನಿಂದಲೇ ಹರಳು ಕಾಣುತ್ತೆ. ಸೈಡ್ ಲೈಟ್ ಅಂದರೆ ಇದೇ.

ಅವತ್ತು ಕ್ಯಾಮೆರಾ ಕೆಳಗಿಟ್ಟು ಸುಮ್ನೆ ಒಂದು ತಾಸು ನೋಡುತ್ತಾ ಕೂತೆ. ಬೆಳಗ್ಗೆ ಎಂಟರ ಹೊತ್ತಿಗೆ ಬೆಳಕಿಂಡಿಯಿಂದ ಬಂದ ಬಿಸಿಲು ಎದುರಿನ ಸುಣ್ಣ ಬಳಿದ ಗೋಡೆಯ ಮೇಲೆ ರೊಟ್ಟಿಯಷ್ಟಗಲ ಬಿದ್ದಿತ್ತು. ಬಿಸಿಲು ಆಯಿಯ ಮೇಲೆ ಬಿದ್ದೇ ಇರಲಿಲ್ಲ. ಆದರೂ ಅವಳ ಮುಖದ ಒಂದು ಪಕ್ಕ ಮೆತ್ತಗೆ ಬೆಳಗುತ್ತಿತ್ತು, ಯಾಕಂದರೆ ಆ ಬಿಳಿ ಗೋಡೆಯೇ ದೀಪವಾಗಿತ್ತು. ಹೊತ್ತು ಏರಿದ ಹಾಗೆ ಬಿಸಿಲಿನ ತುಂಡು ಗೋಡೆಯಿಂದ ಕೆಳಗಿಳಿದು ಸಗಣಿ ಸಾರಿಸಿದ ನೆಲಕ್ಕೆ ಬಂತು. ಆಗ ಮುಖದ ಬೆಳಕು ಮಂಕಾಯಿತು, ಕೆಳಗಿನಿಂದ ಬರೋಕೆ ಶುರುವಾಯಿತು, ಸ್ವಲ್ಪ ಕಂದು ಬಣ್ಣಕ್ಕೂ ತಿರುಗಿತು. ಒಂದೇ ಸೂರ್ಯ, ಒಂದೇ ಕಿಂಡಿ, ಒಂದು ತಾಸಿನೊಳಗೆ ಮೂರು ಥರದ ಬೆಳಕು. ಬೆಳಕಿನ ಬಗ್ಗೆ ಕೇಳಬೇಕಾದ ಪ್ರಶ್ನೆಗಳೆಲ್ಲ ಅಲ್ಲೇ ಇದ್ದವು: ಎಲ್ಲಿಂದ ಬರುತ್ತಿದೆ, ಮೂಲ ಎಷ್ಟು ದೊಡ್ಡದು, ಯಾವುದಕ್ಕೆ ತಾಗಿ ಬರುತ್ತಿದೆ.

ಎಷ್ಟು ದೊಡ್ಡದು ಅನ್ನೋ ಮಾತನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಇಲ್ಲೇ ಜಾಸ್ತಿ ಜನ ಎಡವೋದು. ನೆರಳಿನ ಅಂಚು ಚೂಪಾಗಿರುತ್ತೋ ಮೆತ್ತಗಿರುತ್ತೋ ಅನ್ನೋದು, ನಾವು ಫೋಟೊ ತೆಗೆಯುವ ವಸ್ತುವಿನ ಜಾಗದಿಂದ ನೋಡಿದಾಗ ಬೆಳಕಿನ ಮೂಲ ಎಷ್ಟು ಅಗಲ ಕಾಣುತ್ತೆ ಅನ್ನೋದರ ಮೇಲೆ ಇದೆ. ಸೂರ್ಯನ ಅಡ್ಡಗಲ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ ಇರೋದು 15 ಕೋಟಿ ಕಿಲೋಮೀಟರ್ ದೂರದಲ್ಲಿ, ಅದಕ್ಕೇ ನಮಗೆ ಅರ್ಧ ಡಿಗ್ರಿಯಷ್ಟು ಚಿಕ್ಕ ಚುಕ್ಕೆ. ಹಾಗಾಗಿ ಬಿಸಿಲಿನ ನೆರಳು ಕತ್ತರಿಸಿದ ಹಾಗೆ ಬೀಳುತ್ತೆ, ಇದೇ ಹಾರ್ಡ್ ಲೈಟ್. ಮೋಡ ಮುಚ್ಚಿತು ಅಂದುಕೊಳ್ಳಿ, ಇಡೀ ಆಕಾಶವೇ ಬೆಳಕಿನ ಮೂಲವಾಗುತ್ತೆ, ನೆರಳು ಕರಗಿಹೋಗುತ್ತೆ. ಮೂಲ ದೊಡ್ಡದಾದರೆ ಬೆಳಕು ಮೆತ್ತಗೆ. ಬಾಗಿಲಿಗೆ ಬಿಳಿ ಧೋತರ ಕಟ್ಟಿದರೆ ಆ ಧೋತರವೇ ಸ್ಟುಡಿಯೋದಲ್ಲಿ ಬೆಳಕು ಮೆತ್ತಗೆ ಮಾಡುವ ಸಾಫ್ಟ್‌ಬಾಕ್ಸ್. ಅದನ್ನೇ ಮುಖಕ್ಕೆ ಹತ್ತಿರ ತಂದರೆ ಇನ್ನೂ ಮೆತ್ತಗಾಗುತ್ತೆ, ದೂರ ಸರಿಸಿದರೆ ಬಿರುಸಾಗುತ್ತೆ.

ದೂರದ ಇನ್ನೊಂದು ಲೆಕ್ಕವೂ ಇದೆ. ಬಲ್ಬು, ಫ್ಲ್ಯಾಷ್ ಇಂಥ ಚಿಕ್ಕ ಮೂಲದಿಂದ ಒಂದು ಮೀಟರ್ ಇದ್ದವರು ಎರಡು ಮೀಟರ್‌ಗೆ ಸರಿದರೆ ಬೀಳುವ ಬೆಳಕು ಅರ್ಧ ಆಗಲ್ಲ, ಕಾಲು ಭಾಗ ಆಗುತ್ತೆ. ಕಿಟಕಿಗೆ ಈ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಹೊಂದಲ್ಲ, ಆದರೆ ನಡವಳಿಕೆ ಅದೇ. ಆದ್ದರಿಂದ ಹಿಂದಿನ ಗೋಡೆ ಕಪ್ಪಾಗಿ ಹೋಗಬೇಕು ಅಂದರೆ ಕೂತವರನ್ನು ಕಿಟಕಿ ಹತ್ತಿರ ಎಳೆಯಿರಿ. ಕೋಣೆ ಪೂರ್ತಿ ಕಾಣಬೇಕು ಅಂದರೆ ಕಿಟಕಿಯಿಂದ ದೂರ ಕೂರಿಸಿ.

ನೆರಳನ್ನು ತುಂಬೋಕೆ ಎದುರು ಬದಿಗೆ ಥರ್ಮಾಕೋಲ್ ಶೀಟ್ ಹಿಡೀರಿ. ನೆರಳು ಇನ್ನೂ ಗಾಢ ಬೇಕಾದರೆ ಅಲ್ಲೇ ಒಂದು ಕರಿ ಕಂಬಳಿ ಹಿಡೀರಿ. ಬಿಳಿ ಗೋಡೆ ಇರೋ ಕೋಣೆಯಲ್ಲಿ ಬೆಳಕು ನಾಲ್ಕೂ ಕಡೆಯಿಂದ ವಾಪಸ್ ಬಂದು ಮುಖ ಚಪ್ಪಟೆ ಆಗುತ್ತಿರುತ್ತೆ. ಕಂಬಳಿ ಅದನ್ನು ಹೀರಿಕೊಂಡ ಕೂಡಲೇ ಮೂಗು, ಕೆನ್ನೆ, ಗದ್ದ ಎಲ್ಲಕ್ಕೂ ಆಕಾರ ಬರುತ್ತೆ. ಸಾವಿರಾರು ರೂಪಾಯಿಯ ಲೈಟ್ ಕಿಟ್ ಕೊಳ್ಳೋ ಮೊದಲು ಒಂದು ಸಲ ಇದನ್ನು ಮಾಡಿ ನೋಡಿ ಅಂತ ನಾನು ಎಲ್ಲ ಗೆಳೆಯರಿಗೂ ಹೇಳ್ತೀನಿ.

ಇನ್ನು ಪುಸ್ತಕದ ಪಾಠಗಳ ವಿಷಯ. ಜಾಸ್ತಿ ಪುಸ್ತಕಗಳು ಯುರೋಪಿನಲ್ಲೋ ಅಮೆರಿಕದಲ್ಲೋ ಕೂತು ಬರೆದವು. ಅಲ್ಲಿನ ಆಕಾಶ ಬೇರೆ, ನಮ್ಮದು ಬೇರೆ. ಗೋಲ್ಡನ್ ಅವರ್ ಅಂತಾರಲ್ವಾ, ಸೂರ್ಯ ದಿಗಂತಕ್ಕೆ ಹತ್ತಿರ ಇರುವಾಗಿನ ಹೊಂಬಣ್ಣದ ಹೊತ್ತು. ಹುಬ್ಬಳ್ಳಿ ಇರೋದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ, ಲಂಡನ್ ಕಡೆಯ ಹಾಗೆ ಓರೆಯಾಗಿ ಜಾರುತ್ತಾ ಹೋಗಲ್ಲ. ಕೊನೆಯ ಆರು ಡಿಗ್ರಿ ಇಳಿಯೋಕೆ ಇಲ್ಲಿ ಬೇಕಾಗೋದು 25 ನಿಮಿಷದ ಆಸುಪಾಸು. ಒಂದು ತಾಸು ಇದೆ ಅಂತ ನಂಬಿಕೊಂಡು ಉಣಕಲ್ ಕೆರೆ ದಂಡೆಯಲ್ಲಿ ಚಹಾ ಕುಡಿಯುತ್ತಾ ನಿಂತರೆ ಬೆಳಕು ಹೋಗಿಯೇ ಬಿಟ್ಟಿರುತ್ತೆ. ನಾನು ಹಾಗೆ ಎರಡು ಸಂಜೆ ಕಳಕೊಂಡಿದ್ದೇನೆ. ಈಗ ಮಧ್ಯಾಹ್ನವೇ ಹೋಗಿ ಜಾಗ ನೋಡಿ, ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸಿ ಬರ್ತೀನಿ.

ಉತ್ತರದ ಕಿಟಕಿಯ ಪಾಠವೂ ಹಾಗೇ. ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳಲ್ಲ, ಅದಕ್ಕೇ ಸ್ಟುಡಿಯೋಗೆ ಅದೇ ಒಳ್ಳೇದು ಅಂತ ಬರೆದಿರುತ್ತಾರೆ. ನಮ್ಮಲ್ಲಿ ಮೇ ಮೊದಲ ವಾರದ ಹೊತ್ತಿಗೆ ಸೂರ್ಯ ನಡುಮಧ್ಯಾಹ್ನ ನೆತ್ತಿಗೆ ಬರುತ್ತಾನೆ, ಆಮೇಲೆ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನ ಅವನು ನಮ್ಮ ಉತ್ತರಕ್ಕೇ ಇರುತ್ತಾನೆ. ಅಂದರೆ ಜೂನ್‌ನಲ್ಲಿ ಮೋಡ ಇಲ್ಲದ ದಿನ ಉತ್ತರದ ಕಿಟಕಿಗೇ ಬಿಸಿಲು. ಆ ತಿಂಗಳುಗಳಲ್ಲಿ ನೆರಳು ಬೇಕಂದರೆ ದಕ್ಷಿಣದ ಕಿಟಕಿ ಹುಡುಕಬೇಕು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬಾಡಿಗೆ ರೂಮಿನ ನೆಲದ ಮೇಲೆ ಬಿಸಿಲು ಬಿದ್ದದ್ದು ನೋಡಿ ಲೆಕ್ಕ ಹಾಕಿ ತಿಳಕೊಂಡೆ.

ಬೆಳಗಿನ ಬೆಳಕು ಯಾವಾಗಲೂ ಒಳ್ಳೇದು ಅನ್ನೋ ನಂಬಿಕೆ ಬಿದ್ದುಹೋಗಿದ್ದು ಲಕ್ಕುಂಡಿಯಲ್ಲಿ. ಗದಗಿನಿಂದ ಹನ್ನೆರಡು ಕಿಲೋಮೀಟರ್, ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು. ಕಾಶಿ ವಿಶ್ವನಾಥ ಗುಡಿಯ ಹೊರಗೋಡೆಯ ಕೆತ್ತನೆ ಎಷ್ಟು ಸೂಕ್ಷ್ಮ ಅಂದರೆ ಬೆರಳು ಇಟ್ಟ ಕಡೆ ಒಂದು ಬಳ್ಳಿ, ಒಂದು ಹಕ್ಕಿ. ಪೂರ್ವದ ಗೋಡೆಯ ಮುಂದೆ ಬೆಳಗ್ಗೆ ಏಳಕ್ಕೆ ನಿಂತು ತೆಗೆದೆ. ಬಣ್ಣ ಚೆನ್ನಾಗಿತ್ತು, ಕೆತ್ತನೆ ಕಾಣಲೇ ಇಲ್ಲ. ಸೂರ್ಯ ಗೋಡೆಗೆ ಎದುರಾಎದುರು ಇದ್ದ, ಕೆತ್ತನೆಯ ನೆರಳು ಕೆತ್ತನೆಯ ಹಿಂದೆಯೇ ಅಡಗಿತ್ತು. ಹನ್ನೊಂದು ದಾಟಿದ ಮೇಲೆ ಅದೇ ಗೋಡೆಯನ್ನು ಬಿಸಿಲು ಮೇಲಿನಿಂದ ಸವರಿಕೊಂಡು ಇಳಿಯಿತು ನೋಡಿ, ಒಂದೊಂದು ಎಲೆಯ ಕೆಳಗೂ ಕಪ್ಪು ಗೆರೆ ಬಂತು, ಇಡೀ ಗೋಡೆ ಎದ್ದು ನಿಂತಿತು. ಮುಖಕ್ಕೆ ಕೆಟ್ಟದ್ದು ಅಂತ ನಾವು ಬೈಯುವ ಬಿಸಿಲೇ ಕಲ್ಲಿಗೆ ಬೇಕಾಗಿತ್ತು. ಹಾವೇರಿಯ ಸಿದ್ಧೇಶ್ವರ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ, ಅಲ್ಲಿ ಈ ಲೆಕ್ಕವನ್ನೆಲ್ಲ ತಿರುಗಿಸಿ ಹಾಕಬೇಕು. ಗುಡಿಗೆ ಹೋಗೋ ಮೊದಲು ಯಾವ ಗೋಡೆ ಯಾವ ದಿಕ್ಕಿಗಿದೆ ಅಂತ ಮ್ಯಾಪ್ ನೋಡಿಕೊಳ್ಳಿ.

ಎಕ್ಸ್‌ಪೋಷರ್ ಬಗ್ಗೆ, ಅಂದರೆ ಫೋಟೊಗೆ ಎಷ್ಟು ಬೆಳಕು ಬಿಡಬೇಕು ಅನ್ನೋದರ ಬಗ್ಗೆ, ಒಂದೇ ಮಾತು, ಅದನ್ನು ನಮ್ಮ ಹೊಲದಲ್ಲೇ ಕಲಿಯಬಹುದು. ಕ್ಯಾಮೆರಾದ ಮೀಟರ್‌ಗೆ ಎದುರಿಗಿರೋದು ಏನು ಅಂತ ಗೊತ್ತಿಲ್ಲ. ಎಲ್ಲವೂ ಸರಾಸರಿಗೆ ನಡುವಿನ ಬೂದು ಬಣ್ಣ ಅಂತ ಅಂದುಕೊಂಡೇ ಅದು ಅಳೆಯುತ್ತೆ. ಹತ್ತಿಯ ರಾಶಿ ತೋರಿಸಿದರೆ ಅದನ್ನು ಎಳೆದು ಬೂದು ಮಾಡುತ್ತೆ, ಮಳೆ ಬಿದ್ದ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ ತೋರಿಸಿದರೆ ಅದನ್ನೂ ಎತ್ತಿ ಬೂದು ಮಾಡುತ್ತೆ. ಹತ್ತಿಗೆ ಒಂದರಿಂದ ಒಂದೂವರೆ ಸ್ಟಾಪ್ ಏರಿಸಿ, ಎರಿ ಮಣ್ಣಿಗೆ ಒಂದು ಸ್ಟಾಪ್ ಇಳಿಸಿ. ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡು ಪಟ್ಟು, ಇಳಿಸಿದರೆ ಅರ್ಧ. ಫೋನಿನಲ್ಲಾದರೆ ಪರದೆ ಒತ್ತಿ ಹಿಡಿದು ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಸರಿಸಿದರೆ ಅದೇ ಕೆಲಸ.

ಈಗ ಬಣ್ಣಕ್ಕೆ ಬರೋಣ.

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಸುಗ್ಗಿಯಲ್ಲಿ ಹೋದವರಿಗೆ ಗೊತ್ತು, ಕಣ್ಣು ಹಾಯಿಸಿದಷ್ಟೂ ಕೆಂಪು. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಈ ಕಾಯಿಗೆ ಹೆಸರು ಬಂದಿರೋದೇ ಬಣ್ಣದಿಂದ, ಖಾರ ಅಷ್ಟೇನಿಲ್ಲ. ಅಲ್ಲಿ ನಾನು ತೆಗೆದ ಮೊದಲ ಐವತ್ತು ಫೋಟೊಗಳಲ್ಲಿ ಮೆಣಸಿನಕಾಯಿ ಅನ್ನೋದು ಕೆಂಪು ಬಣ್ಣ ಸುರಿದ ಹಾಗೆ ಇತ್ತು. ಬ್ಯಾಡಗಿ ಕಾಯಿಯ ಚೆಲುವೇ ಅದರ ಸುಕ್ಕು, ಆ ಸುಕ್ಕೇ ಮಾಯ. ಕಾರಣ ಸೆನ್ಸರ್‌ನಲ್ಲಿದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆಯೇ ಇವತ್ತಿಗೂ ಬಹುತೇಕ ಕ್ಯಾಮೆರಾಗಳಲ್ಲಿ ಇರೋದು. ಪ್ರತಿ ನಾಲ್ಕು ಚುಕ್ಕೆಯಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ನಮ್ಮ ಕಣ್ಣಿಗೆ ಹಸಿರಿನ ಸುತ್ತಲಿನ ಬೆಳಕು ಚೆನ್ನಾಗಿ ಕಾಣುವುದರಿಂದ ಹಾಗೆ ಮಾಡಿದ್ದು. ಫೋಟೊದಲ್ಲಿ ಕಪ್ಪು ಎಷ್ಟು, ಬಿಳುಪು ಎಷ್ಟು ಅಂತ ಕ್ಯಾಮೆರಾ ಪರದೆಯಲ್ಲಿ ತೋರಿಸುವ ನಕ್ಷೆ, ಬಿಳಿ ಹಿಸ್ಟೊಗ್ರಾಮ್ ಕೂಡ ಹಸಿರಿಗೇ ಜಾಸ್ತಿ ತೂಕ ಕೊಟ್ಟು ಲೆಕ್ಕ ಹಾಕುತ್ತೆ. ಹಾಗಾಗಿ ಅದು ಎಲ್ಲ ಸರಿ ಇದೆ ಅಂತ ತೋರಿಸುತ್ತಿರುವಾಗಲೇ ಕೆಂಪು ಚಾನೆಲ್ ತುಂಬಿ ಹರಿದಿರುತ್ತೆ. ಹರಿದುಹೋದ ಕಡೆ ಸುಕ್ಕು ಇಲ್ಲ, ಹೊಳಪು ಇಲ್ಲ, ಬರೀ ಕೆಂಪು. ಮೂರು ಬಣ್ಣಗಳ ಹಿಸ್ಟೊಗ್ರಾಮ್ ಆನ್ ಮಾಡಿ, ಕೆಂಪು ಗೆರೆ ಬಲ ಅಂಚಿಗೆ ಒತ್ತದಂತೆ ಅರ್ಧದಿಂದ ಒಂದು ಸ್ಟಾಪ್ ಇಳಿಸಿ. ಕುಂಕುಮಕ್ಕೂ ಇದೇ ಮದ್ದು, ದಾಸವಾಳಕ್ಕೂ ಇದೇ.

ಅಲ್ಲೇ ಇನ್ನೊಂದು ಕಂಡೆ. ರಾಶಿಯ ನಡುವೆ ಕೂತು ಕಾಯಿ ಆರಿಸುತ್ತಿದ್ದ ಹೆಣ್ಣುಮಕ್ಕಳ ಗದ್ದದ ಕೆಳಗೆ, ಮುಂಗೈಯ ಅಡಿಗೆ, ಬಿಳಿ ಕುಪ್ಪಸದ ಅಂಚಿಗೆ ಕೆಂಪು ಛಾಯೆ. ಆಯಿಯ ಅಡುಗೆಮನೆಯ ನೆಲ ಮಾಡಿದ ಕೆಲಸವನ್ನೇ ಇಲ್ಲಿ ಮೆಣಸಿನಕಾಯಿ ಮಾಡುತ್ತಿತ್ತು. ಬೆಳಕು ಯಾವುದಕ್ಕೆ ತಾಗಿ ಬರುತ್ತೋ ಅದರ ಬಣ್ಣ ಹೊತ್ತು ತರುತ್ತೆ. ಎಡಿಟ್ ಮಾಡುವಾಗ ಅದನ್ನು ತಪ್ಪು ಅಂತ ತಿಳಿದು ಒರೆಸಬೇಡಿ, ಆ ಜಾಗ ಆ ಮುಖದ ಮೇಲೆ ಬರೆದ ಗುರುತು ಅದು.

ಬಲ್ಬಿನ ಬೆಳಕಿಗೂ ಬಣ್ಣ ಇದೆ, ಅದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹಳೇ ಹಳದಿ ಬಲ್ಬು 2800ರ ಹತ್ತಿರ, ಮಧ್ಯಾಹ್ನದ ಬಿಸಿಲು 5500, ನೆರಳಿನಲ್ಲಿ 7000ಕ್ಕೂ ಮೇಲೆ. ಅಂಕಿ ಕಡಿಮೆ ಆದಷ್ಟೂ ಹಳದಿ, ಜಾಸ್ತಿ ಆದಷ್ಟೂ ನೀಲಿ. ನಮ್ಮ ಮಿದುಳು ಇದನ್ನು ತಾನೇ ಸರಿಮಾಡಿಕೊಳ್ಳುತ್ತೆ, ಕ್ಯಾಮೆರಾ ಒಂದು ಫೋಟೊಗೆ ಒಂದೇ ಅಂಕಿ ಹಿಡಿಯುತ್ತೆ, ಅದನ್ನೇ ವೈಟ್ ಬ್ಯಾಲೆನ್ಸ್ ಅನ್ನೋದು. ಮದುವೆ ಕಲ್ಯಾಣಮಂಟಪದಲ್ಲಿ ಒಂದು ಕಡೆ ಬಾಗಿಲಿನ ಹಗಲು, ಮೇಲೆ ಟ್ಯೂಬ್‌ಲೈಟ್, ವೇದಿಕೆ ಮೇಲೆ ಹಳದಿ ಫೋಕಸ್. ಮದುಮಗಳ ಅರ್ಧ ಮುಖ ನೀಲಿ, ಅರ್ಧ ಕಿತ್ತಳೆ. ಇದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡೋದು ಬಹಳ ಕಷ್ಟ. ಒಂದು ದೀಪ ಆರಿಸಿ ಅಂತ ಕೇಳಿ, ಇಲ್ಲ ಅವರನ್ನೇ ಒಂದು ಹೆಜ್ಜೆ ಸರಿಸಿ. ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ಕೆಳಗೆ ಶಟರ್ 1/50 ಅಥವಾ 1/100 ಸೆಕೆಂಡಿನಲ್ಲಿ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತೆ, ಬೇರೆ ವೇಗ ಇಟ್ಟರೆ ಅಡ್ಡಪಟ್ಟಿ ಬರಬಹುದು.

ಒಮ್ಮೆ ನೇಕಾರರ ಊರಾದ ಬೆಟಗೇರಿ ಕಡೆ ಒಂದು ಸೀರೆ ಅಂಗಡಿಗೆ ಫೋಟೊ ತೆಗೆದುಕೊಟ್ಟಿದ್ದೆ. ಇಲಕಲ್ ಸೀರೆಯ ಕೆಂಪು ಸೆರಗು ಫೋಟೊದಲ್ಲಿ ಇಟ್ಟಿಗೆ ಬಣ್ಣಕ್ಕೆ ಬಂದಿತ್ತು. ವೈಟ್ ಬ್ಯಾಲೆನ್ಸ್ ಎಷ್ಟು ತಿರುಗಿಸಿದರೂ ಸರಿಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ತಿಳೀತು, ತಪ್ಪು ಅಲ್ಲಿನ ಎಲ್‌ಇಡಿಯದ್ದು. ಅಗ್ಗದ ಬಿಳಿ ಎಲ್‌ಇಡಿಯಲ್ಲಿ ಗಾಢ ಕೆಂಪು ಬೆಳಕೇ ಕಡಿಮೆ ಇರುತ್ತೆ, ದೀಪದಲ್ಲಿ ಇಲ್ಲದ ಬಣ್ಣವನ್ನು ಸೀರೆ ಎಲ್ಲಿಂದ ತಂದು ತೋರಿಸಬೇಕು? ಅದೇ ಸೀರೆಯನ್ನು ಜಗಲಿಯ ನೆರಳಿಗೆ ತಂದು ಹರಡಿದೆ, ಕೆಂಪು ವಾಪಸ್ ಬಂತು. ದೀಪ ಕೊಳ್ಳುವಾಗ ಡಬ್ಬಿ ಮೇಲೆ ಸಿಆರ್‌ಐ ಅಂಕಿ ನೋಡಿ, ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋದಕ್ಕೆ ನೂರರ ಅಳತೆ ಅದು, 90ಕ್ಕಿಂತ ಮೇಲಿದ್ದರೆ ಒಳ್ಳೇದು.

ನೇಕಾರರ ಊರು ಅಂದಾಗ ನೆನಪಾಗೋದು ಷೆವ್ರೊಲ್ ಎಂಬ ಫ್ರೆಂಚ್ ರಸಾಯನವಿಜ್ಞಾನಿ. ಪ್ಯಾರಿಸ್‌ನ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ. ಕಪ್ಪು ನೂಲು ಮಂಕಾಗಿದೆ ಅಂತ ಅವನಿಗೆ ದೂರು ಬಂತು. ಪರೀಕ್ಷೆ ಮಾಡಿದರೆ ನೂಲಿನ ಬಣ್ಣದಲ್ಲಿ ದೋಷ ಇರಲಿಲ್ಲ, ಅದರ ಪಕ್ಕ ನೇಯ್ದಿದ್ದ ಬಣ್ಣಗಳಿಂದ ಕಪ್ಪು ಹಾಗೆ ಕಾಣುತ್ತಿತ್ತು. 1839ರಲ್ಲಿ ಅವನು ಇದನ್ನೆಲ್ಲ ಬರೆದು ಪ್ರಕಟಿಸಿದ. ಒಂದು ಬಣ್ಣ ಹೇಗೆ ಕಾಣುತ್ತೆ ಅನ್ನೋದನ್ನು ಪಕ್ಕದ ಬಣ್ಣ ನಿರ್ಧರಿಸುತ್ತೆ, ಕೆಂಪು ಹಸಿರಿನಂಥ ಎದುರುಬದುರು ಬಣ್ಣಗಳು ಅಕ್ಕಪಕ್ಕ ಬಂದರೆ ಎರಡೂ ಉರಿಯುತ್ತವೆ. ನಮ್ಮ ನೇಕಾರರು ಕೆಂಪು ಸೆರಗಿನಲ್ಲಿ ಬಿಳಿ ಪಟ್ಟಿ ಇಡೋದನ್ನು ನೋಡಿ, ಆ ಬಿಳಿ ತೆಗೆದರೆ ಕೆಂಪು ಇಷ್ಟು ಕೆಂಪಾಗಿ ಕಾಣಲ್ಲ. ಮೆಣಸಿನಕಾಯಿ ರಾಶಿಯಲ್ಲೂ ನನಗೆ ಕೊನೆಗೆ ಸಿಕ್ಕ ಒಳ್ಳೆ ಫೋಟೊ ಅಂದರೆ ಹಸಿರು ಸೀರೆ ಉಟ್ಟವರೊಬ್ಬರು ಬಂದು ಕೂತಾಗಿನದು.

ಇಲ್ಲಿಗೆ ಬಂದರೆ ಕಾಂಪೊಸಿಷನ್ ಅರ್ಧ ಹೇಳಿದ ಹಾಗೇ ಆಯ್ತು. ನೋಡುವವರ ಕಣ್ಣು ಮೊದಲು ಹೋಗೋದು ಎಲ್ಲಕ್ಕಿಂತ ಬೆಳ್ಳಗಿರುವ ಕಡೆ, ಕಪ್ಪು ಬಿಳುಪು ಒತ್ತಾಗಿ ಸೇರುವ ಕಡೆ, ಗಾಢ ಬಣ್ಣದ ಕಡೆ, ಮುಖದ ಕಡೆ. ಇವೆಲ್ಲ ಒಂದೇ ಜಾಗದಲ್ಲಿದ್ದರೆ ಆ ಜಾಗ ಗೆರೆಯ ಮೇಲಿರಲಿ, ನಡುವೆ ಇರಲಿ, ಫೋಟೊ ನಿಲ್ಲುತ್ತೆ. ಬೇರೆಬೇರೆ ಕಡೆ ಹಂಚಿಹೋಗಿದ್ದರೆ ಗ್ರಿಡ್ ಏನೂ ಮಾಡಲ್ಲ. ಅಂದಹಾಗೆ ರೂಲ್ ಆಫ್ ಥರ್ಡ್ಸ್ ಅನ್ನೋ ಹೆಸರು ಕೊಟ್ಟದ್ದು ಇಂಗ್ಲೆಂಡಿನ ಚಿತ್ರಕಾರ ಜಾನ್ ಥಾಮಸ್ ಸ್ಮಿತ್, 1797ರಲ್ಲಿ. ಒಂದೇ ಚಿತ್ರದಲ್ಲಿ ಸಮಸಮವಾದ ಎರಡು ಬೆಳಕು ಇರಬಾರದು ಅನ್ನೋ ಹಿಂದಿನವರ ಮಾತನ್ನು ಹಿಡಿದುಕೊಂಡು ಅವನು ಅದನ್ನು ಬೆಳೆಸಿದ. ನಮ್ಮ ಕ್ಲಾಸಿನ ಮೊದಲ ಪಾಠ ಹುಟ್ಟಿದ್ದೇ ಬೆಳಕಿನ ಮಾತಿನಿಂದ. ಅದನ್ನು ಓದಿದ ದಿನ ನನಗೆ ಕೆಲಗೇರಿಯ ಆ ಮಧ್ಯಾಹ್ನ ನೆನಪಾಯಿತು.

ಉಳಿದದ್ದು ಎರಡು ವಿಷಯ. ಒಂದು, ನಿಲ್ಲುವ ಜಾಗ. ಹುಬ್ಬಳ್ಳಿ ಸ್ಟೇಷನ್‌ನ 1507 ಮೀಟರ್ ಪ್ಲಾಟ್‌ಫಾರ್ಮ್ ಮೇಲೆ ನಿಂತರೆ ಹಳಿಗಳು ದೂರದಲ್ಲಿ ಕೂಡಿಕೊಂಡ ಹಾಗೆ ಕಾಣುತ್ತವೆ. ಹತ್ತಿರದ ಮನುಷ್ಯ ದೊಡ್ಡವನಾಗಿ ಹಿಂದಿನ ಗಾಡಿ ಚಿಕ್ಕದಾಗಿ ಕಾಣೋದು ಲೆನ್ಸಿನಿಂದ ಅಲ್ಲ, ನೀವು ನಿಂತ ದೂರದಿಂದ. ಜೂಮ್ ಬರೀ ಕತ್ತರಿಸುತ್ತೆ. ಫೋನ್ ಹತ್ತಿರ ಹಿಡಿದು ತೆಗೆದರೆ ಮೂಗು ದೊಡ್ಡದಾಗೋದೂ ಇದೇ ಕಾರಣಕ್ಕೆ, ಎರಡು ಹೆಜ್ಜೆ ಹಿಂದೆ ಹೋಗಿ ಜೂಮ್ ಮಾಡಿ. ಇನ್ನೊಂದು, ತೆಗೆದುಹಾಕೋದು. ದುರ್ಗದಬೈಲ್ ಸಂತೆಯಂಥ ಕಡೆ ಎಲ್ಲವನ್ನೂ ತುಂಬಿಕೊಳ್ಳಬೇಕು ಅನ್ಸುತ್ತೆ. ಬಟನ್ ಒತ್ತೋ ಮೊದಲು ಫ್ರೇಮಿನ ನಾಲ್ಕೂ ಅಂಚನ್ನು ಕಣ್ಣಲ್ಲೇ ಒಂದು ಸುತ್ತು ಹಾಕಿ. ಅಂಚಿನಲ್ಲಿ ತುಂಡಾದ ಕೈ, ತಲೆಯಿಂದ ಎದ್ದ ಕಂಬ, ಮೂಲೆಯ ಬಿಳಿ ಚೀಲ ಎಲ್ಲ ಆಗ ಕಾಣುತ್ತೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಆಯಿಯ ಫೋಟೊ ಮತ್ತೆ ತೆಗೆದೆ. ಎಂಟೂ ಕಾಲಕ್ಕೆ ಬಿಸಿಲು ಸುಣ್ಣದ ಗೋಡೆ ಮೇಲಿತ್ತು. ಒಲೆಯ ಬೆಂಕಿ ಕಿತ್ತಳೆ, ಗೋಡೆಯ ಬೆಳಕು ತಣ್ಣಗೆ. ಈ ಸಲ ಎರಡನ್ನೂ ಬೇಕಂತಲೇ ಇಟ್ಟುಕೊಂಡೆ, ಒಂದು ಕೆನ್ನೆಗೆ ಒಂದೊಂದು. ವೈಟ್ ಬ್ಯಾಲೆನ್ಸ್ ಹಗಲಿಗೆ ಕಟ್ಟಿಹಾಕಿದೆ. ನನ್ನ ಕಡೆಗೆ ಕಂಬಳಿಯನ್ನು ಗೂಟಕ್ಕೆ ನೇತುಹಾಕಿದೆ. ಹಿಂದೆ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ ಇತ್ತು, ಕಣ್ಣು ಅಲ್ಲಿಗೇ ಎಳೀತಿತ್ತು, ಅದನ್ನು ಎತ್ತಿ ಹೊರಗಿಟ್ಟು ಬಂದೆ. ಆಮೇಲೆ ಒಂದು ಹೆಜ್ಜೆ ಎಡಕ್ಕೆ ಸರಿದೆ, ಆಗ ಬಿಳಿ ರೊಟ್ಟಿ ಕರೀ ಹಂಚಿನ ಮುಂದೆ ಬಂತು. ಆಯಿ ರೊಟ್ಟಿ ಎತ್ತಿ ಹಂಚಿಗೆ ಹಾಕಿದಳು, ಹಿಟ್ಟಿನ ದೂಳು ಬೆಳಕಿನಲ್ಲಿ ಎದ್ದಿತು, ಒತ್ತಿದೆ. ಪರದೆ ತೋರಿಸಿದರೆ ತನ್ನ ಮುಖ ನೋಡಲೇ ಇಲ್ಲ, ಹತ್ತಿರ ಹಿಡಿದು ರೊಟ್ಟಿಯ ಅಂಚನ್ನು ನೋಡಿ, "ಇಲ್ಲಿ ಒಂದೀಟು ದಪ್ಪ ಉಳದೈತಿ" ಅಂದಳು. ನಿಜ, ಆ ದಪ್ಪ ಕೂಡ ಕಾಣುತ್ತಿತ್ತು.